ವಿಜಯಪುರ ದರ್ಶನ: ನೀರಿನ ಹಾದಿ ಹಿಡಿದು

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಿಜಯಪುರಕ್ಕೆ ಪ್ರತಿವರ್ಷವೂ ಶಾಲೆಯ ಮಕ್ಕಳು ತಂಡತಂಡವಾಗಿ ಬರುವರು. ಗೋಳಗುಮ್ಮಟವನ್ನೇರಿ ಕೂಗುವರು, ಪ್ರತಿಧ್ವನಿಯನ್ನು ಕೇಳಿ ನಲಿಯುವರು, ಮಧ್ಯಾಹ್ನವಾಗುವಷ್ಟರಲ್ಲಿ ಮುಂದಿನ ಊರಿನ ದಾರಿ ಹಿಡಿಯುವರು. ಇದು ನಗರವನ್ನು ನೋಡಿದಂತಾಯಿತೇ? ಅವರು ಕೂಗಿದ್ದು ತಮ್ಮ ದನಿ, ಕೇಳಿದ್ದೂ ತಮ್ಮ ದನಿಯೇ. ನಗರವು ಏನು ಹೇಳಿತೆಂಬುದನ್ನು ಅವರು ಕೇಳಲೇ ಇಲ್ಲ. ಈ ದೋಷವು ಮಕ್ಕಳದಲ್ಲ. ಅವರನ್ನು ಕರೆತಂದ ನಮ್ಮದು.

ಈ ನಗರವನ್ನು ನಡೆದೇ ನೋಡತಕ್ಕದ್ದು. ಪೂರ್ವದ ಗೋಳಗುಮ್ಮಟದಿಂದ ಪಶ್ಚಿಮದ ಇಬ್ರಾಹಿಂ ರೋಜಾದವರೆಗಿನ ದಾರಿಯು ಒಂದು ಹರದಾರಿಯಷ್ಟೆ. ಜನಸಂದಣಿ ಸೇರುವದಕ್ಕೆ ಮೊದಲೇ, ಬೆಳಗಿನಲ್ಲಿ, ಗುಮ್ಮಟದೊಳಗೆ ಹೋಗಿ ಮೌನವಾಗಿ ನಿಂತುಕೊಳ್ಳಿರಿ. 1627ರಿಂದ 1656ರವರೆಗೆ ಆಳಿದ ಮಹಮ್ಮದ ಆದಿಲಶಹನ ಸಮಾಧಿಯಿದು. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ನಡುವೆ ಒಂದು ಕಂಬವೂ ಇಲ್ಲ. ಚೌಕವಾದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟವು ಕುಳಿತದ್ದು ಹೇಗೆ? ಒಂದನ್ನೊಂದು ಅಡ್ಡಹಾಯುವ ಎಂಟು ಕಮಾನುಗಳು ಮೂಲೆಗಳನ್ನು ತುಂಬಿ ಚೌಕವನ್ನು ವರ್ತುಲಕ್ಕೆ ತಂದಿರುವವು. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ನೆಲದಲ್ಲಿ ಬರೆದು ತೋರಿಸಿದರೆ ಐದನೆಯ ಇಯತ್ತೆಯ ಬಾಲಕನಿಗೂ ಇದು ತಿಳಿಯುವದು.

ಅಲ್ಲಿಂದ 1561ರ ಗಗನಮಹಾಲಿಗೂ, ಗುಮ್ಮಟವನ್ನೇ ಕಾಣದೆ ಉಳಿದ ಬಾರಾಕಮಾನಿಗೂ ನಡೆಯಿರಿ. 1686ರಲ್ಲಿ ಔರಂಗಜೇಬನಿಗೆ ಶರಣಾಗಿ ಆದಿಲಶಾಹಿಯು ಮುಗಿದ ಕಥೆಯನ್ನು ಅಲ್ಲಿಯೇ ಹೇಳಿರಿ. ಬಳಿಕ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿರಿ: ನದಿಯಿಲ್ಲದ ಈ ಒಣನೆಲದಲ್ಲಿ ಅಷ್ಟು ದೊಡ್ಡ ರಾಜಧಾನಿಯು ಏನು ಕುಡಿದು ಬದುಕಿತು?

ಇದರ ಉತ್ತರವನ್ನು ಹುಡುಕುತ್ತ ಹೋದರೆ ನಗರವೇ ತನ್ನ ಗುಟ್ಟನ್ನು ಬಿಚ್ಚುವದು. 1620ರ ತಾಜ ಬಾವಡಿಯ ಮೆಟ್ಟಿಲುಗಳಲ್ಲಿ ಉತ್ತರದ ಮೊದಲ ಮಾತಿದೆ. ಮಹಮ್ಮದ ಆದಿಲಶಹನು 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ನಡುನಡುವೆ ನಿಂತಿರುವ 'ಗಂಜ'ಗಳೆಂಬ ಗೋಪುರಗಳನ್ನು ಹೆಚ್ಚಿನವರು ಕಣ್ಣೆತ್ತಿಯೂ ನೋಡುವದಿಲ್ಲ. ಕೊಳವೆಯಲ್ಲಿಯ ನೀರಿನ ಒತ್ತಡವನ್ನು ತಗ್ಗಿಸುವದೂ, ಕೆಸರನ್ನು ತಳಕ್ಕಿಳಿಸಿ ತಿಳಿನೀರನ್ನು ಮುಂದಕ್ಕೆ ಬಿಡುವದೂ ಅವುಗಳ ಕೆಲಸವಾಗಿತ್ತು.

ಇನ್ನೊಂದು ಜಲಮಾರ್ಗವು ಪಶ್ಚಿಮದ ತೊರವೆಯಿಂದ ನೆಲದೊಳಗಿನ ಸುರಂಗವಾಗಿ ಬಂದಿತು. ಆದುದರಿಂದ ಮಧ್ಯಾಹ್ನದ ಬುತ್ತಿಯನ್ನು ಕಟ್ಟಿಕೊಂಡು ತೊರವೆಗೆ ಹೋಗಿರಿ. ಕುಮಾರವಾಲ್ಮೀಕಿಯ ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದೇ. ಕವಿಯ ಆರಾಧ್ಯನಾದ ನರಸಿಂಹನ ಗುಡಿಯು ಇಲ್ಲಿಯೇ ಇರುವದು. ರಾಜಧಾನಿಗೆ ನೀರನ್ನೂ, ಕನ್ನಡಕ್ಕೆ ಕಾವ್ಯವನ್ನೂ ಕೊಟ್ಟ ಹಳ್ಳಿಯನ್ನು ನೋಡದೆ ಹಿಂದಿರುಗಿದವನು ವಿಜಯಪುರವನ್ನು ಅರ್ಧವಷ್ಟೇ ಕಂಡನು. ಇಬ್ರಾಹಿಂ ರೋಜಾದಲ್ಲಿ ಮಲಗಿರುವ ಎರಡನೆಯ ಇಬ್ರಾಹಿಮನು ತನ್ನ 'ಕಿತಾಬ್-ಇ-ನವರಸ'ದಲ್ಲಿ ಸರಸ್ವತಿಯನ್ನು ಸ್ತುತಿಸಿದನೆಂಬುದನ್ನೂ ಮಕ್ಕಳಿಗೆ ಹೇಳಲು ಮರೆಯದಿರಿ.

1956ರ ನವಂಬರ 1ರಂದು ಕನ್ನಡನಾಡು ಒಂದು ರಾಜ್ಯವಾಯಿತು. ಆದರೆ ನಕಾಶೆ ಒಂದಾದ ಮಾತ್ರಕ್ಕೆ ನಾಡು ಪರಿಚಯವಾಗುವದಿಲ್ಲ. ಅದಕ್ಕೆ ಕಾಲು ಸವೆಯಬೇಕು, ಕನ್ನಡದಲ್ಲಿ ತಿಳಿಯಹೇಳುವ ಬಾಯಿಯೂ ಬೇಕು. ಶಿಕ್ಷಕರು ಮೊದಲು ತಾವೊಬ್ಬರೇ ಈ ದಾರಿಯನ್ನು ನಡೆಯಲಿ. ಕಥೆಯನ್ನು ಕಥೆಯೆಂದೂ, ಇತಿಹಾಸವನ್ನು ಇತಿಹಾಸವೆಂದೂ ಬೇರ್ಪಡಿಸಿ ಹೇಳಲಿ.

ಕಸದಲ್ಲಿ ಹೂತುಹೋಗಿದ್ದ ಹಲವು ಬಾವಡಿಗಳ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆದಿರುವರು. ಅವು ಮತ್ತೆ ತಿಪ್ಪೆಯಾಗದಂತೆ ಕಾಯುವವರಾರು? ಕಾವಲುಗಾರನೊಬ್ಬನಿಂದ ಅದು ಸಾಧ್ಯವಿಲ್ಲ. ಆ ಮೆಟ್ಟಿಲುಗಳನ್ನಿಳಿದು, ಆ ನೀರು ಎಲ್ಲಿಂದ ಬಂದಿತೆಂದು ಒಮ್ಮೆ ತಿಳಿದ ಮಗು ಅದರಲ್ಲಿ ಕಸ ಚೆಲ್ಲಲಾರದು, ಚೆಲ್ಲುವವರನ್ನು ಸುಮ್ಮನೆ ಬಿಡಲಾರದು. ಅಂಥ ಮಕ್ಕಳನ್ನು ಸಿದ್ಧಗೊಳಿಸುವದು ನಮ್ಮ ನಿಮ್ಮೆಲ್ಲರ ಕೈಯಲ್ಲಿಯೇ ಇರುವದು.