ಪರೇಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ



ಮುಂಬಯಿಯ ಪರೇಲ್, ಲಾಲ್‌ಬಾಗ್ ಪ್ರದೇಶಗಳಿಗೆ ಗಿರಣ್‌ಗಾಂವ್, ಅಂದರೆ ಗಿರಣಿಗಳ ಊರು ಎಂಬ ಹೆಸರಿದೆ. ಇಲ್ಲಿ ಪಾತ್ರೆ ತೊಳೆಯುವುದು ಕೇವಲ ಮನೆಗೆಲಸವಾಗಿರಲಿಲ್ಲ, ಜೀವನೋಪಾಯವೂ ಆಗಿತ್ತು. ಒಂದೇ ಕೋಣೆಯ ಮನೆಗಳಲ್ಲಿ ಅಡುಗೆ ಮಾಡಿ ಗಿರಣಿ ಕಾರ್ಮಿಕರಿಗೆ ಬಡಿಸುತ್ತಿದ್ದ ಖಾನಾವಳಿಯ ಮಹಿಳೆಯರು 1975ರಲ್ಲಿ ಪ್ರೇಮಾ ಪುರವ ಅವರ ನೇತೃತ್ವದಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವಾಗಿ ಸಂಘಟಿತರಾದರು. ಕರಾವಳಿಯಿಂದ ಮುಂಬಯಿಗೆ ಬಂದ ಅನೇಕ ಕನ್ನಡ ಬಾಲಕರು ಹಗಲು ಉಡುಪಿ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಈಗ ಬಹುಮಹಡಿ ಕಟ್ಟಡಗಳಿವೆ. 2020ರ ಲಾಕ್‌ಡೌನ್ ಅವಧಿಯಲ್ಲಿ ಮನೆಗೆಲಸದವರು ಬರಲಾಗದಿದ್ದಾಗ ಪಾತ್ರೆ ತೊಳೆಯುವ ಯಂತ್ರಕ್ಕೆ ಬೇಡಿಕೆ ಏರಿತು. ಅದನ್ನು ಕೊಳ್ಳುವುದು ಯುಕ್ತವೇ ಎಂಬ ಪ್ರಶ್ನೆ ಇಂದಿಗೂ ಅನೇಕ ಕುಟುಂಬಗಳ ಮುಂದಿದೆ.

ಬೆಲೆಗಿಂತ ಮೊದಲು ನೀರನ್ನು ಕುರಿತು ಯೋಚಿಸಬೇಕು. ಯಂತ್ರವು ಒಂದು ಸರದಿಯನ್ನು ಪೂರೈಸಲು ಸಾಮಾನ್ಯವಾಗಿ ಎರಡು ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟು ಹೊತ್ತೂ ಅದು ಕೇಳಿದಾಗಲೆಲ್ಲ ನಲ್ಲಿಯಲ್ಲಿ ಸಾಕಷ್ಟು ಒತ್ತಡದ ನೀರಿರಬೇಕು. ಬೆಳಗಿನ ಕೆಲವೇ ಗಂಟೆ ನೀರು ಬರುವ, ಡ್ರಮ್ಮಿನಲ್ಲಿ ತುಂಬಿಡುವ ಚಾಳಿನ ಮನೆಗೆ, ಮೇಲ್ತೊಟ್ಟಿಯ ಅನುಕೂಲವಿಲ್ಲದಿದ್ದರೆ, ಇದು ಒಗ್ಗುವ ಸಾಧನವಲ್ಲ. ಯಂತ್ರ ನೀರನ್ನು ಉಳಿಸುತ್ತದೆಂಬ ಮಾತು ನಿಜ. ಒಂದು ಸರದಿಗೆ ಸುಮಾರು 10ರಿಂದ 15 ಲೀಟರು ಸಾಕು. ಆದರೆ ಈ ಉಳಿತಾಯ ನಲ್ಲಿಯನ್ನು ತೆರೆದಿಟ್ಟು ತೊಳೆಯುವವರಿಗೆ. ತಂಬಿಗೆಯಲ್ಲಿ ಅಳೆದು ಬಳಸುವ ಗೃಹಿಣಿಗೆ ಯಾವ ಯಂತ್ರವೂ ಮಿತವ್ಯಯದ ಪಾಠ ಹೇಳಬೇಕಾಗಿಲ್ಲ.

ಮುಂಬಯಿಗೆ ಭಾತ್ಸಾ, ತಾನ್ಸಾ, ವೈತರಣಾ ಮುಂತಾದ ಜಲಾಶಯಗಳಿಂದ ಬರುವ ನೀರು ಮೆದುನೀರು. ಟ್ಯಾಂಕರಿನ ಅಥವಾ ಕೊಳವೆಬಾವಿಯ ನೀರು ಗಡಸಾಗಿರಬಹುದು. ಆಗ ಗಾಜಿನ ಲೋಟಗಳ ಮೇಲೆ ಬಿಳಿಯ ಕಲೆ ನಿಲ್ಲುತ್ತದೆ. ಅದನ್ನು ತಡೆಯಲು ಯಂತ್ರದೊಳಗೆ ವಿಶೇಷ ಉಪ್ಪನ್ನು ತುಂಬಬೇಕು. ಅಡುಗೆಯ ಉಪ್ಪನ್ನು ಬಳಸಕೂಡದು.

ಇನ್ನು ಪಾತ್ರೆಗಳ ಮಾತು. ಯಂತ್ರದ ಸಾಮರ್ಥ್ಯವನ್ನು ಹೇಳುವ 12 ಅಥವಾ 14 ಜನರ ಊಟದ ಲೆಕ್ಕ ಪಾಶ್ಚಾತ್ಯ ಮೇಜಿನ ತಟ್ಟೆ ಬಟ್ಟಲುಗಳದು. ಒಂದು ಕುಕ್ಕರು, ಒಂದು ಬಾಣಲೆ, ಒಂದು ದೊಡ್ಡ ಪಾತೇಲೆ ಒಳಗೆ ಸೇರಿದರೆ ಅರ್ಧ ಜಾಗ ಮುಗಿಯಿತು. ಸ್ಟೀಲಿನ ಪಾತ್ರೆಗಳಿಗೆ ತೊಂದರೆಯಿಲ್ಲ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಹಿತ್ತಾಳೆ, ತಾಮ್ರ ಹೊಳಪುಗೆಡುತ್ತವೆ, ಎಣ್ಣೆಯುಂಡು ಪಳಗಿದ ಕಬ್ಬಿಣದ ದೋಸೆಕಾವಲಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ದಿನದ ಎಂಜಲು ಪಾತ್ರೆಗಳನ್ನು ಎಣಿಸಿ, ಯಾವುವು ಯಂತ್ರಕ್ಕೆ, ಯಾವುವು ಕೈಗೆ ಎಂದು ಬೇರ್ಪಡಿಸಿ ನೋಡುವುದು ಲೇಸು.

ಖರ್ಚಿನ ಲೆಕ್ಕಕ್ಕೆ ಒಂದು ಉದಾಹರಣೆ. ಯಂತ್ರದ ಬೆಲೆ 36,000 ರೂಪಾಯಿ, ಬಾಳಿಕೆ 10 ವರ್ಷ ಎಂದು ಭಾವಿಸಿದರೆ ತಿಂಗಳಿಗೆ 300 ರೂಪಾಯಿ ಬೀಳುತ್ತದೆ. ದಿನಕ್ಕೊಂದು ಸರದಿಗೆ ಸುಮಾರು ಒಂದು ಯೂನಿಟ್ಟಿನಂತೆ ತಿಂಗಳಿಗೆ 30 ಯೂನಿಟ್ ವಿದ್ಯುತ್ತು ಬೇಕು. ಮಾರ್ಜಕದ ಬಿಲ್ಲೆಯೊಂದಕ್ಕೆ 15 ರೂಪಾಯಿ ಹಿಡಿದರೂ ತಿಂಗಳಿಗೆ 450 ರೂಪಾಯಿಯಾಯಿತು. ಅಂದರೆ ಕೊಳ್ಳುವ ವೆಚ್ಚಕ್ಕಿಂತ ನಡೆಸುವ ವೆಚ್ಚವೇ ಅಧಿಕ. ಮಾರಾಟಗಾರರು ಇದನ್ನು ತಾವಾಗಿ ಹೇಳುವುದು ಅಪರೂಪ.

ಈ ಮೊತ್ತವನ್ನು ಮನೆಗೆಲಸದಾಕೆಯ ಸಂಬಳದೊಡನೆ ಹೋಲಿಸುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎತ್ತರದ ಕಟ್ಟಡಗಳಿಗೆ ಕೆಲಸಕ್ಕೆ ಬರುವ ಮಹಿಳೆಯ ಕುಟುಂಬ ಅದೇ ಸಂಬಳವನ್ನು ನೆಚ್ಚಿರುತ್ತದೆ. ಇಂಥವರ ಹಿತಕ್ಕಾಗಿ ಮಹಾರಾಷ್ಟ್ರವು 2008ರಲ್ಲಿ ಗೃಹಕಾರ್ಮಿಕರ ಕಲ್ಯಾಣ ಮಂಡಳಿಯ ಕಾಯಿದೆಯನ್ನೇ ಮಾಡಿತು. ಮೇಲಾಗಿ, ಯಂತ್ರ ಬಂದರೂ ಎಂಜಲು ತೆಗೆಯುವ, ಜೋಡಿಸುವ, ತೆಗೆದಿಡುವ, ಉಳಿದ ದೊಡ್ಡ ಪಾತ್ರೆ ತಿಕ್ಕುವ ಕೆಲಸ ಉಳಿಯುತ್ತದೆ. ಅದನ್ನು ಮನೆಯಲ್ಲಿ ಯಾರು ಮಾಡುವರೆಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ, ಕಚೇರಿಯಿಂದ ಬಂದ ಗೃಹಿಣಿಯೇ ಅದನ್ನೂ ಮಾಡುತ್ತಾಳೆ.

ಕೊಳ್ಳಲು ನಿಶ್ಚಯಿಸಿದವರು ಯಂತ್ರದ ಅಳತೆಯನ್ನೂ ಬಾಗಿಲು ಪೂರ್ತಿ ತೆರೆಯಲು ಬೇಕಾದ ಜಾಗವನ್ನೂ ಮೊದಲೇ ನೋಡಿಕೊಳ್ಳಬೇಕು. ಭೂಸಂಪರ್ಕವುಳ್ಳ ವಿದ್ಯುತ್ ಪ್ಲಗ್ಗು, ಕೊಳೆನೀರು ಹೋಗುವ ಮಾರ್ಗ ಹತ್ತಿರವಿರಬೇಕು. ರಸೀದಿ ಹಾಗೂ ಖಾತರಿ ಪತ್ರವನ್ನು ಜೋಪಾನವಾಗಿಡಬೇಕು. ದೋಷ ಕಂಡುಬಂದು ಮಾರಾಟಗಾರರಿಂದ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.