ಮಗುವಿನ ತೊಡೆಯೆಲುಬು: ಕಟ್ಟೋ, ಶಸ್ತ್ರವೋ?



ಮಲಪ್ರಭೆಯ ದಂಡೆಯ ಮುನವಳ್ಳಿಯಂಥ ಊರಿನಲ್ಲಿ ಹುಡುಗನೊಬ್ಬ ಹುಣಸೆಮರದಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡರೆ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ‘ಎಲುಬು ಕಟ್ಟೋರ ಹತ್ತರ ಒಯ್ಯೂಣು’ ಎನ್ನುತ್ತಾನೆ ಅಜ್ಜ. ‘ಬ್ಯಾಡಪ್ಪಾ, ಧಾರವಾಡದ ದವಾಖಾನಿಗೆ ಒಯ್ಯೂಣು, ಆಪರೇಶನ್ ಆದ್ರೂ ಆಗಲಿ’ ಎನ್ನುತ್ತಾನೆ ತಂದೆ. ಇದು ಹಳೆಯದು–ಹೊಸದರ ಜಗಳದಂತೆ ಕಾಣುತ್ತದೆ. ಆದರೆ ಕಟ್ಟೋ ಶಸ್ತ್ರವೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಮಗುವಿನ ವಯಸ್ಸು.

ವಯಸ್ಸಿನ ಈ ಗುಟ್ಟು ಸುಶ್ರುತಸಂಹಿತೆಗೂ ಗೊತ್ತಿತ್ತು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಎಲುಬು, ನಡುವಯಸ್ಸಿನಲ್ಲಿ ಅದರ ಎರಡು ಪಟ್ಟು, ಮುಪ್ಪಿನಲ್ಲಿ ಮೂರು ಪಟ್ಟು ಕಾಲ ಬೇಡುತ್ತದೆ ಎಂದು ಅದು ಹೇಳುತ್ತದೆ. ಆಲ, ಅರಳಿ, ಅತ್ತಿ, ಮುತ್ತುಗದ ತೊಗಟೆ, ಬಿದಿರಿನ ದಬ್ಬೆ ಅಂದಿನ ಕಟ್ಟಿನ ಸಾಮಗ್ರಿ. ತೊಡೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳ ಆಸರೆಯಿಂದ ಅಲುಗದಂತೆ ಇಡುತ್ತಿದ್ದರು. ಕಟ್ಟು ಸಡಿಲಾದರೆ ಎಲುಬು ನಿಲ್ಲದು, ಅತಿಯಾಗಿ ಬಿಗಿದರೆ ಬಾವು, ಕೀವು ಎಂಬ ಎಚ್ಚರಿಕೆಯೂ ಅಲ್ಲಿದೆ.

ಪಶ್ಚಿಮದಲ್ಲೂ ಕಟ್ಟು ಹಾಕುವವರ ಮನೆತನಗಳಿದ್ದವು. ಅಂಥ ವೆಲ್ಷ್ ಮನೆತನದಲ್ಲಿ ಹುಟ್ಟಿ ವೈದ್ಯಶಾಸ್ತ್ರ ಓದಿದ ಹ್ಯೂ ಓವೆನ್ ಥಾಮಸ್ (1834–1891) ರೂಪಿಸಿದ ಕಬ್ಬಿಣದ ಸರಳಿನ ಆಸರೆ, ಮೊದಲ ಮಹಾಯುದ್ಧದಲ್ಲಿ ತೊಡೆ ಮುರಿದ ಎಷ್ಟೋ ಸೈನಿಕರ ಪ್ರಾಣ ಉಳಿಸಿತು.

ಇಂದಿನ ಪದ್ಧತಿ ಹೀಗಿದೆ. ಆರು ತಿಂಗಳೊಳಗಿನ ಕೂಸಿಗೆ ಮೆತ್ತನೆಯ ಪಟ್ಟಿಗಳ ಕಟ್ಟು ಸಾಕು. ಸುಮಾರು ಐದು ವರ್ಷದವರೆಗೆ ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್. ಸಾಮಾನ್ಯವಾಗಿ ಶಸ್ತ್ರ ಬೇಡ. ಮುರಿದ ತುದಿಗಳು ತುಸು ಒಂದರ ಮೇಲೊಂದು ಕೂತರೂ ವೈದ್ಯರು ಗಾಬರಿಯಾಗುವುದಿಲ್ಲ. ಏಕೆಂದರೆ ಮುರಿದ ಕಾಲು ಮುಂದೆ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಬೆಳೆಯುವುದುಂಟು. ಸಣ್ಣ ಸೊಟ್ಟವೂ ಬೆಳೆಯುತ್ತ ನೆಟ್ಟಗಾಗುತ್ತದೆ. ತಿರುಚು ಮಾತ್ರ ಅಷ್ಟಾಗಿ ತಾನೇ ಸರಿಹೋಗದು.

ಐದರಿಂದ ಹನ್ನೊಂದರ ಮಕ್ಕಳನ್ನು ಹಿಂದೆ ಕಾಲಿಗೆ ಭಾರ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. 1980ರ ದಶಕದಲ್ಲಿ ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ಬಾಗುವ ತೆಳು ಸರಳುಗಳ ವಿಧಾನವನ್ನು ಬಳಕೆಗೆ ತಂದರು. ಬೆಳವಣಿಗೆಯ ಪದರಕ್ಕೆ ತಾಗದಂತೆ ಮೊಣಕಾಲಿನ ಮೇಲಿನಿಂದ ಎರಡು ಸರಳು ತೂರಿಸಿದರೆ ಮಗು ಬೇಗ ಎದ್ದು ಶಾಲೆಗೆ ಹೋಗಬಹುದು. ಆದರೆ ಸರಳು ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕು. ಇನ್ನೂ ದೊಡ್ಡ ಅಥವಾ ತೂಕದ ಮಕ್ಕಳಿಗೆ ಗಟ್ಟಿ ಸರಳು ಬೇಕಾಗುತ್ತದೆ. ಅದನ್ನು ತೂರಿಸುವ ಜಾಗ ತಪ್ಪಿದರೆ ತೊಡೆಯೆಲುಬಿನ ಗುಂಡಿನಂಥ ತಲೆಗೆ ರಕ್ತ ನಿಂತೀತು. ಗಾಯ ತೆರೆದು ಎಲುಬು ಹೊರಬಂದಿದ್ದರೆ ಯಾವ ವಯಸ್ಸಿನಲ್ಲೂ ಶಸ್ತ್ರಚಿಕಿತ್ಸೆ ತಪ್ಪದು.

ಹಾಗಾದರೆ ಅಜ್ಜನ ಮಾತು ಪೂರ್ತಿ ಸುಳ್ಳಲ್ಲ. ಸಣ್ಣ ಮಗುವಿಗೆ ಕಟ್ಟೇ ಮದ್ದು. ಆದರೆ ಎಕ್ಸ್‌ರೇ ನೋಡದೆ, ದಬ್ಬೆ ಇಟ್ಟು ಬಿಗಿದ ಕಟ್ಟಿನಿಂದ ರಕ್ತ ನಿಂತು ಕಾಲೇ ಕಳೆದುಕೊಂಡ ಮಕ್ಕಳೂ ಇದ್ದಾರೆ. ಬಿದ್ದ ಮಗುವಿನ ಕಾಲನ್ನು ಎಳೆಯದೆ, ತಿಕ್ಕದೆ, ಇನ್ನೊಂದು ಕಾಲಿಗೆ ಮೆತ್ತಗೆ ಕಟ್ಟಿ ದವಾಖಾನೆಗೆ ಒಯ್ಯಬೇಕು. ಕಟ್ಟಿನ ನಂತರ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರಿದರೆ ಬೆಳಗಾಗಲೆಂದು ಕಾಯಬಾರದು.