ಶಾಸ್ತ್ರ ಒಪ್ಪಿದರೂ ಲೋಕ ಒಪ್ಪದಿದ್ದರೆ

ವಿಜ್ಞಾನೇಶ್ವರನ ಪರಿಚಯ ಹೊನ್ನಾಳಿಯ ಈ ಸಭೆಗೆ ಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲ, ಕಲ್ಯಾಣ ಪಟ್ಟಣ, ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ ಮಿತಾಕ್ಷರ. ಅದರ ದಾಯವಿಭಾಗದ ಒಂದೇ ಒಂದು ಜಾಗದಲ್ಲಿ ನಾನಿವತ್ತು ನಿಲ್ಲುತ್ತೇನೆ.

ಪಾಲಾಗುವಾಗ ಹಿರಿಮಗನಿಗೆ ಹೆಚ್ಚು ಕೊಡಬೇಕೆ? ಮನು ಲೆಕ್ಕವನ್ನೇ ಕೊಟ್ಟಿದ್ದಾನೆ. 80 ಎಕರೆಯಿದ್ದರೆ ಹಿರಿಯನಿಗೆ ಮೊದಲೇ ಇಪ್ಪತ್ತನೆಯ ಒಂದು ಭಾಗ, ಅಂದರೆ 4 ಎಕರೆ. ನಡುವಿನವನಿಗೆ 2, ಕಿರಿಯನಿಗೆ 1. ಉಳಿದ 73ರಲ್ಲಿ ಸಮಪಾಲು. ವಿಜ್ಞಾನೇಶ್ವರ ಇದನ್ನು ಅಲ್ಲಗಳೆಯುವುದಿಲ್ಲ. ವಿಷಮ ವಿಭಾಗ ಶಾಸ್ತ್ರದಲ್ಲಿರುವುದು ನಿಜ ಎಂದು ಒಪ್ಪಿಕೊಂಡು, ಆದರೆ ಅದು ಲೋಕವಿದ್ವಿಷ್ಟ, ಜನ ಹಳಿಯುವಂಥದ್ದು, ಆದ್ದರಿಂದ ಮಾಡತಕ್ಕದ್ದಲ್ಲ ಎನ್ನುತ್ತಾನೆ. ನಿಯೋಗ, ಅಂದರೆ ಮಗನಿಲ್ಲದ ವಿಧವೆ ಗಂಡನ ಸಂಬಂಧಿಯಿಂದ ಮಗುವನ್ನು ಪಡೆಯುವ ಪದ್ಧತಿ, ಹೇಗೆ ಬಳಕೆ ತಪ್ಪಿತೋ ಇದೂ ಹಾಗೆಯೇ ಎಂಬ ಆಧಾರ ಕೊಡುತ್ತಾನೆ.

ನನಗೆ ಸಂಸ್ಕೃತ ಕಲಿಸಿದ ಮೇಷ್ಟ್ರು ಇಲ್ಲಿಗೆ ಬಂದಾಗ ಪುಸ್ತಕ ಮಡಿಸುತ್ತಿದ್ದರು. “ವಚನವನ್ನು ತಿರುಚಿಯೂ ಸಮಪಾಲು ಹೊರಡಿಸಬಹುದಿತ್ತು ಕಣಯ್ಯಾ, ತಿರುಚಲಿಲ್ಲ ನೋಡು” ಅನ್ನುತ್ತಿದ್ದರು. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅರ್ಧಂಬರ್ಧ ಬರೆದವರಿಗೆ ಅವರಿಂದ ಮಾರ್ಕು ಸಿಗುತ್ತಿರಲಿಲ್ಲ.

ಆ ಶಿಸ್ತು ಮಿತಾಕ್ಷರದ್ದೇ. ಗಂಡುಮಕ್ಕಳಿಲ್ಲದೆ ಸತ್ತವನ ಹೆಂಡತಿಗೆ ಆಸ್ತಿ ಬರಬೇಕಾದರೆ ನಿಯೋಗಕ್ಕೆ ಒಪ್ಪಿರಬೇಕು ಎಂದವನು ಹಿಂದಿನ ಶಾಸ್ತ್ರಕಾರ ಧಾರೇಶ್ವರ; ಆಸ್ತಿ ಅಲ್ಪವಾಗಿದ್ದರೆ ಮಾತ್ರ ಅವಳಿಗೆ ಎಂದವನು ಶ್ರೀಕರ. ಇಬ್ಬರನ್ನೂ ವಿಜ್ಞಾನೇಶ್ವರ ಖಂಡಿಸಿದ, ಆದರೆ ಅವರ ಮಾತನ್ನು ಅಳಿಸಲಿಲ್ಲ. ಅವರ ಗ್ರಂಥಗಳು ಕಳೆದುಹೋದವು, ವಾದ ಉಳಿದದ್ದು ಇಂಥವರ ಉಲ್ಲೇಖಗಳಲ್ಲೇ. ಸೋತ ವಾದವನ್ನು ಹೀಗೆ ಉಳಿಸಿಡುವುದೇಕೆ ಎಂದು ಯಹೂದಿಗಳ ಧರ್ಮಶಾಸ್ತ್ರ ಮಿಶ್ನಾದಲ್ಲಿ ನೇರವಾಗಿ ಕೇಳಿದ್ದಾರೆ: ತೀರ್ಪು ಬಹುಮತದ್ದೇ ಆದಮೇಲೆ ಒಬ್ಬನ ಭಿನ್ನಮತವನ್ನು ಯಾಕೆ ಬರೆದಿಡಬೇಕು? ಮುಂದೊಂದು ನ್ಯಾಯಸಭೆಗೆ ಅದೇ ಸರಿ ಕಂಡರೆ ಆಸರೆಯಾಗಲಿ ಎಂದು. ವಿಧಿ ಯಾವುದೆಂದು ತೋಚದಿದ್ದಾಗ ಹೊರಗೆ ಹೋಗಿ ಜನ ಏನು ಮಾಡುತ್ತಾರೆ ನೋಡು ಎಂಬ ಮಾತೂ ಅವರ ತಾಲ್ಮುದ್‌ನಲ್ಲಿದೆ.

ಜನ ಏನು ಮಾಡುತ್ತಿದ್ದಾರೆ? 1994ರಲ್ಲಿ ನಮ್ಮ ರಾಜ್ಯ, ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶದ ಕಾನೂನು ಹಾಗಾಯಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಚನ್ನಗಿರಿಯ ಅಡಿಕೆ ತೋಟವಿರಲಿ, ಜಗಳೂರಿನ ಮಳೆ ನೆಚ್ಚಿದ ಹೊಲವಿರಲಿ, ತವರಿನ ಬಾಗಿಲು ಮುಚ್ಚೀತೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಪಾಲು ಕೇಳಿದವಳನ್ನು ಊರು ಆಡಿಕೊಳ್ಳುತ್ತದೆ.

ಇಲ್ಲಿ ನನ್ನ ವಿಜ್ಞಾನೇಶ್ವರ ನನಗೆ ದಾರಿ ತೋರುತ್ತಿಲ್ಲ. ಲೋಕ ಒಪ್ಪದ್ದನ್ನು ಬಿಡಬೇಕೆಂಬ ಅವನ ಮಾತನ್ನೇ ಹಿಡಿದರೆ ಅವಳ ಪಾಲೂ ಬಿಟ್ಟುಹೋಗಬೇಕೆ? ಹಿರಿಯನ ಹೆಚ್ಚುಪಾಲನ್ನು ಹಳಿದ ಆ ಲೋಕದಲ್ಲಿ ತಮ್ಮಂದಿರನ್ನು ಬಿಟ್ಟರೆ ಇನ್ನು ಯಾರಿದ್ದರು? ‘ಸ್ವಇಚ್ಛೆಯಿಂದ’ ಎಂದು ಬರೆದ ಪತ್ರದ ಕೆಳಗೆ ಸಹಿ ಹಾಕುವವಳ ಪೂರ್ವಪಕ್ಷವನ್ನು ನಾವು ಎಲ್ಲಿ ಬರೆದಿಟ್ಟಿದ್ದೇವೆ?